ಮೇಲಿನಿಂದ ನೋಡುವವನಿಗೆ ಕಾಣದಂತೆ: ಯುದ್ಧಕಾಲದ ಕಾರ್ಖಾನೆಗಳು, ವಿಮಾನ ನಿಲ್ದಾಣಗಳು ಮತ್ತು ಮರೆಮಾಚುವ ವಿದ್ಯೆ

ಹಾಸನದ ಕಾಲೇಜೊಂದರ ಸಭಾಂಗಣದಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಈಗ ಮಾತಿನಲ್ಲೇ ಹೇಳಬೇಕಾದ್ದರಿಂದ ಕೆಲವು ಭಾಗಗಳು ಹಿಗ್ಗಿವೆ. ಉಪನ್ಯಾಸ ಮುಗಿದ ಮೇಲೆ ಸಭೆಯಲ್ಲಿ ಬಂದ ಒಂದು ಮಾತನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಸಕಲೇಶಪುರ ದಾಟಿ ಮಂಗಳೂರಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಮಂಜರಾಬಾದ್ ಕೋಟೆಯನ್ನು ನಿಮ್ಮಲ್ಲಿ ಹೆಚ್ಚಿನವರು ಹತ್ತಿ ಬಂದಿರುತ್ತೀರಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಈ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರವಿದೆ ಎಂದು ಕೇಳಿಯೇ ನಾವೆಲ್ಲ ಅಲ್ಲಿಗೆ ಹೋಗುತ್ತೇವೆ. ಆದರೆ ಒಳಗೆ ನಿಂತು ಸುತ್ತ ನೋಡಿದರೆ ಅಲ್ಲಲ್ಲಿ ಮುರಿದು ತಿರುಗುವ ಗೋಡೆಗಳು ಕಾಣುತ್ತವೆಯೇ ಹೊರತು ನಕ್ಷತ್ರ ಕಾಣುವುದಿಲ್ಲ. ಈಚೆಗೆ ಡ್ರೋನಿನಿಂದ ತೆಗೆದ ಚಿತ್ರಗಳು ಮೊಬೈಲುಗಳಲ್ಲಿ ಹರಿದಾಡತೊಡಗಿದ ಮೇಲೆ, ನೂರಾರು ಸಲ ಆ ಮೆಟ್ಟಿಲು ಹತ್ತಿದವರು ಕೂಡ ಆ ಕೋಟೆಯನ್ನು ಮೊದಲ ಸಲ ನೋಡಿದಂತೆ ಬೆರಗಾದರು. ಕಟ್ಟಿದವರ ಲೆಕ್ಕವೆಲ್ಲ ನೆಲದ ಮೇಲೆ ಬರುವ ವೈರಿಯದು: ಯಾವ ಮೂಲೆಯಿಂದ ಗುಂಡು ಹಾರಿಸಿದರೆ ಯಾವ ಗೋಡೆಯ ಬುಡಕ್ಕೆ ಕಾವಲು ಸಿಗುತ್ತದೆ ಎಂಬುದು. ಆಕಾಶದಿಂದ ನೋಡುವ ಕಣ್ಣೊಂದು ಇರಬಹುದೆಂದು ಎಣಿಸುವ ಅಗತ್ಯ ಅವರಿಗಿರಲಿಲ್ಲ.

ಆ ಕಣ್ಣು ಹುಟ್ಟಿದ್ದು ವಿಮಾನದ ಜೊತೆಗೆ. ಅದು ಹುಟ್ಟಿದ ಮೇಲೆ ಕಟ್ಟಡಗಳಿಗೆ ಛಾವಣಿಯೇ ಮುಖವಾಯಿತು. ಎತ್ತರದ ಕಾಂಪೌಂಡು, ಬಾಗಿಲಲ್ಲಿ ಪಹರೆ, ಮುಳ್ಳುತಂತಿ ಇವೆಲ್ಲ ಒಮ್ಮೆಲೇ ಅರ್ಧ ನಿರುಪಯುಕ್ತವಾದವು. ವಿಮಾನ ಕಟ್ಟುವ ಕಾರ್ಖಾನೆ, ಎಣ್ಣೆಯ ಟ್ಯಾಂಕು, ರನ್‌ವೇ, ಇವುಗಳಷ್ಟು ದೊಡ್ಡ, ಸಪಾಟಾದ, ನೇರ ಗೆರೆಗಳ ವಸ್ತು ಪ್ರಕೃತಿಯಲ್ಲಿ ಬೇರೊಂದಿಲ್ಲ. ಅವನ್ನು ಹೇಗೆ ಬಚ್ಚಿಡಬೇಕು ಎಂಬ ಪ್ರಶ್ನೆ ಎರಡನೆಯ ಮಹಾಯುದ್ಧದಲ್ಲಿ ಎಂಜಿನಿಯರುಗಳನ್ನಷ್ಟೇ ಅಲ್ಲದೆ ಚಿತ್ರಕಾರರನ್ನು, ಸಿನಿಮಾದ ಸೆಟ್ ಕಟ್ಟುವವರನ್ನು, ಪ್ರಾಣಿಶಾಸ್ತ್ರಜ್ಞರನ್ನು ಒಂದೇ ಮೇಜಿನ ಸುತ್ತ ಕೂರಿಸಿತು. ಅವರು ಕಲಿತ ಪಾಠ ಒಂದೇ, ನನ್ನ ಇಂದಿನ ಮಾತೂ ಅದರ ಸುತ್ತಲೇ ಇದೆ: ವಸ್ತುವನ್ನು ಮುಚ್ಚುವ ಮೊದಲು ನೋಡುವವನನ್ನು ಅರಿಯಬೇಕು. ಅವನು ಎಲ್ಲಿಂದ ನೋಡುತ್ತಾನೆ, ಎಷ್ಟು ಹೊತ್ತು ನೋಡುತ್ತಾನೆ, ಬರಿಗಣ್ಣಿನಿಂದ ನೋಡುತ್ತಾನೋ ಕ್ಯಾಮೆರಾದಿಂದಲೋ, ಏನನ್ನು ಕಾಣುವ ನಿರೀಕ್ಷೆಯಲ್ಲಿ ಬಂದಿದ್ದಾನೆ ಎಂಬುದು ಗೊತ್ತಿಲ್ಲದೆ ಬಳಿದ ಬಣ್ಣವೆಲ್ಲ ವ್ಯರ್ಥ.

ನಮ್ಮ ಕಾಫಿ ಸೀಮೆಯನ್ನೇ ಆ ಕಣ್ಣಿನಿಂದ ನೋಡೋಣ. ಸಕಲೇಶಪುರದಿಂದ ಮೂಡಿಗೆರೆಯ ಕಡೆಗೆ ಹಾರುವ ವಿಮಾನದ ಕಿಟಕಿಯಿಂದ ಕೆಳಗೆ ನೋಡಿದವರಿಗೆ ಕಾಫಿ ಗಿಡ ಕಾಣುವುದಿಲ್ಲ. ಸಿಲ್ವರ್ ಓಕ್, ಅತ್ತಿ, ಹಲಸು, ಹಾಲುವಾಣಗಳ ನೆರಳಿನ ಚಪ್ಪರವೊಂದೇ ಕಾಣುತ್ತದೆ. ಅದರ ಅಡಿಯಲ್ಲಿ ರಸ್ತೆ, ಲೈನು ಮನೆ, ಕೆಲಸದಾಳು, ಟ್ರ್ಯಾಕ್ಟರು ಎಲ್ಲ ಇದ್ದರೂ ಅವು ಕಾಡಿನೊಳಗೆ ಕರಗಿಹೋಗಿರುತ್ತವೆ. ಆದರೆ ಬೀಜ ಒಣಗಿಸುವ ಸಿಮೆಂಟು ಕಣ ಮಾತ್ರ ಹತ್ತು ಮೈಲಿಯಿಂದಲೇ ಬಿಳಿಯ ಚೌಕವಾಗಿ ಹೊಳೆಯುತ್ತದೆ. ಚಪ್ಪರ ಏಕೆ ಕಣ್ಣಿಗೆ ಬೀಳುವುದಿಲ್ಲ, ಕಣ ಏಕೆ ಬೀಳುತ್ತದೆ? ಬಣ್ಣದ ವ್ಯತ್ಯಾಸ ಎಂದು ಥಟ್ಟನೆ ಉತ್ತರ ಬರುತ್ತದೆ. ಆದರೆ ಕಣಕ್ಕೆ ಎಲೆಹಸಿರು ಬಣ್ಣವನ್ನೇ ಬಳಿದರೂ ಅದು ಕಂಡೇ ಕಾಣುತ್ತದೆ, ಮತ್ತು ಯುದ್ಧದ ಮೊದಲ ವರ್ಷಗಳಲ್ಲಿ ಎಷ್ಟೋ ದೇಶಗಳು ಮಾಡಿದ ತಪ್ಪು ಇದೇ.

ಎಲೆ, ಹುಲ್ಲು, ಉತ್ತ ಮಣ್ಣು ಇವುಗಳ ಮೇಲ್ಮೈ ಒರಟು. ಪ್ರತಿಯೊಂದು ಎಲೆಯೂ ಹುಲ್ಲಿನ ಪ್ರತಿಯೊಂದು ಎಸಳೂ ತನ್ನ ಪಕ್ಕದಲ್ಲಿ ಚಿಕ್ಕದೊಂದು ನೆರಳನ್ನು ಇಟ್ಟುಕೊಂಡಿರುತ್ತದೆ. ಮೇಲಿನಿಂದ ನೋಡಿದಾಗ ಈ ಲಕ್ಷಾಂತರ ನೆರಳುಗಳು ಬೆರೆತು ನೆಲ ಕಪ್ಪಾಗಿ, ಮೆತ್ತಗೆ ಕಾಣುತ್ತದೆ. ನುಣುಪಾದ ಛಾವಣಿಗೆ ನೀವು ಎಂಥ ಗಾಢ ಹಸಿರನ್ನೇ ಬಳಿಯಿರಿ, ಅದಕ್ಕೆ ಒಡಲಿನ ನೆರಳಿಲ್ಲ, ಸೂರ್ಯ ಒಂದು ಕೋನಕ್ಕೆ ಬಂದಾಗ ಅದು ಕನ್ನಡಿಯಂತೆ ಬೆಳಕನ್ನು ಎಸೆಯುತ್ತದೆ. ಬ್ರಿಟನ್ನಿನಲ್ಲಿ ರನ್‌ವೇಗಳ ಮೇಲೆ ಬಣ್ಣ ಹಚ್ಚಿದ ಮರದ ಚೂರು, ಕಲ್ಲಿನ ಪುಡಿ ಅಂಟಿಸಿದ್ದು ಈ ಒರಟನ್ನು ತರುವುದಕ್ಕಾಗಿಯೇ. ಇನ್ನೂ ಕಾಂಕ್ರೀಟು ಹಾಕಿರದ ಹುಲ್ಲಿನ ವಿಮಾನ ನಿಲ್ದಾಣಗಳಲ್ಲಿ ಅವರು ಮಸಿ ಮತ್ತು ಡಾಂಬರಿನ ದ್ರಾವಣದಿಂದ ಬೇಲಿಗಳನ್ನು ಬರೆದರು: ಸುತ್ತಲಿನ ಹೊಲಗಳ ಬೇಲಿಗಳು ಎಲ್ಲಿ ಬಂದು ನಿಲ್ಲುತ್ತಿದ್ದವೋ ಅಲ್ಲಿಂದಲೇ ಮುಂದುವರಿಸಿ, ವಿಶಾಲವಾದ ಒಂದು ಮೈದಾನವನ್ನು ರೈತರ ಹತ್ತಾರು ಹೊಲಗಳೆಂಬಂತೆ ಹೋಳು ಮಾಡಿದರು. ವಿಮಾನದ ಚಕ್ರಗಳು ಆ ಬರೆದ ಬೇಲಿಗಳ ಮೇಲೆ ಹಾದುಹೋಗುತ್ತಿದ್ದವು.

ಈ ಕೆಲಸದ ತಿರುಳು ನಮಗೆ ಹೊಸದೇನಲ್ಲ. ಮಲೆನಾಡಿನ ಅಡಿಕೆ ಮರದ ಮೇಲೆ ಕೂತ ಹಾರುವ ಓತಿ, ತರಗೆಲೆಗಳ ನಡುವೆ ಮಲಗಿದ ನತ್ತಿಂಗ, ಕಡ್ಡಿಹುಳು ಇವನ್ನು ಹುಡುಕಿ ಸೋತವರಿಗೆ ಅದು ಗೊತ್ತು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್ 1940ರಲ್ಲಿ ಪ್ರಾಣಿಗಳ ಮೈಬಣ್ಣದ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ, ಅದರ ತತ್ವಗಳನ್ನು ಸೈನ್ಯವೂ ಬಳಸಬೇಕೆಂದು ಹಠ ಹಿಡಿದರು. ಹೇಮಾವತಿಯ ಮೀನನ್ನು ನೆನೆಸಿಕೊಳ್ಳಿ: ಬೆನ್ನು ಕಪ್ಪು, ಹೊಟ್ಟೆ ಬಿಳಿ. ಬಿಸಿಲು ಮೇಲಿನಿಂದ ಬಿದ್ದು ಬೆನ್ನನ್ನು ಬೆಳಗಿಸುತ್ತದೆ, ಹೊಟ್ಟೆಗೆ ನೆರಳು ಕವಿಯುತ್ತದೆ; ಕಪ್ಪು ಬೆನ್ನು ಬೆಳಗಿ, ಬಿಳಿ ಹೊಟ್ಟೆ ಮಂಕಾಗಿ ಎರಡೂ ಒಂದೇ ಸಮವಾದಾಗ ದುಂಡನೆಯ ಮೀನು ಚಪ್ಪಟೆಯಾಗಿ ನೀರಿನಲ್ಲಿ ಲೀನವಾಗುತ್ತದೆ. ಅಮೆರಿಕದ ಚಿತ್ರಕಾರ ಅಬ್ಬಟ್ ಥೇಯರ್ ಮೊದಲನೆಯ ಮಹಾಯುದ್ಧಕ್ಕೂ ಮುಂಚೆಯೇ ಇದನ್ನು ಸಾರಿದ್ದರು. ಕಾಟ್ ಇದೇ ತತ್ವದಂತೆ ರೈಲಿನ ಮೇಲಿನ ಫಿರಂಗಿಯೊಂದಕ್ಕೆ ಬಣ್ಣ ಬಳಿದು, ಸೈನ್ಯದ ರೂಢಿಯಂತೆ ಬಣ್ಣ ಬಳಿದ ಇನ್ನೊಂದರ ಜೊತೆ ಅದನ್ನು ಆಕಾಶದಿಂದ ಹೋಲಿಸಿ ತೋರಿಸಿದರು. ಅವರದು ಕಾಣಲಿಲ್ಲ, ಇನ್ನೊಂದು ಕಂಡಿತು. ಆದರೂ ಅಧಿಕಾರಿಗಳು ಅದನ್ನು ಎಲ್ಲೆಡೆ ಅಳವಡಿಸಿಕೊಳ್ಳಲಿಲ್ಲ. ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾರ್ಖಾನೆಯ ವಿಷಯಕ್ಕೆ ಬಂದರೆ ಬಣ್ಣ, ಒರಟು ಇವೆರಡಾದ ಮೇಲೂ ನೆರಳು ಉಳಿಯುತ್ತದೆ. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಊರಿನ ನೀರಿನ ಟ್ಯಾಂಕಿನ ನೆರಳು ಎಷ್ಟುದ್ದ ಚಾಚಿರುತ್ತದೆಂದು ಗಮನಿಸಿ. ಟ್ಯಾಂಕನ್ನು ನೀವು ಹೇಗೇ ಬಚ್ಚಿಟ್ಟರೂ ನೆರಳು ಅದರ ಆಕಾರವನ್ನು ನೆಲದ ಮೇಲೆ ಬರೆದುಕೊಡುತ್ತದೆ. ಇದಕ್ಕೆ ಸಿಕ್ಕ ಪರಿಹಾರ ಬಲೆ. ಛಾವಣಿಯ ಅಂಚಿನಿಂದ ನೆಲದವರೆಗೆ ಇಳಿಜಾರಾಗಿ ಬಲೆಯನ್ನು ಎಳೆದರೆ ಗೋಡೆಯ ನೇರ ಅಂಚು ಅಳಿದು, ನೆರಳಿಗೆ ಬೀಳಲು ಜಾಗವೇ ಇಲ್ಲದೆ, ಕಟ್ಟಡ ಒಂದು ಸಣ್ಣ ದಿಬ್ಬವಾಗುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಡಗ್ಲಸ್ ವಿಮಾನ ಕಾರ್ಖಾನೆಯ ಮೇಲೆ ಸುಮಾರು 50 ಲಕ್ಷ ಚದರ ಅಡಿ ಕೋಳಿಬಲೆಯನ್ನು ನೂರಾರು ಕಂಬಗಳ ಮೇಲೆ ಹರಡಿದ್ದು ಈ ಲೆಕ್ಕದಲ್ಲಿ.

ಅಮೆರಿಕದ ಪಶ್ಚಿಮ ಕರಾವಳಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ವಿದ್ಯೆ ಅಲ್ಲಿ ಮುಟ್ಟಿದ ಎತ್ತರವನ್ನು ಬೇರೆಲ್ಲೂ ಮುಟ್ಟಲಿಲ್ಲ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಯಿತು. 1942ರ ಫೆಬ್ರುವರಿ 23ರಂದು ಜಪಾನಿನ ಜಲಾಂತರ್ಗಾಮಿಯೊಂದು ಕ್ಯಾಲಿಫೋರ್ನಿಯಾದ ಎಲ್‌ವುಡ್ ಎಣ್ಣೆಬಾವಿಗಳ ಮೇಲೆ ಗುಂಡು ಹಾರಿಸಿತು. ಬಾಂಬರ್ ವಿಮಾನಗಳನ್ನು ಕಟ್ಟುವ ದೊಡ್ಡ ಕಾರ್ಖಾನೆಗಳೆಲ್ಲ ಆ ಕರಾವಳಿಯುದ್ದಕ್ಕೂ ಬಯಲಿನಲ್ಲಿದ್ದವು. ಕರ್ನಲ್ ಜಾನ್ ಓಮರ್ ಎಂಬ ಸೇನಾಧಿಕಾರಿ ಬ್ರಿಟನ್ನಿಗೆ ಹೋಗಿ ಅಲ್ಲಿನ ಮರೆಮಾಚುವಿಕೆಯನ್ನು ಕಣ್ಣಾರೆ ಕಂಡು ಬಂದಿದ್ದರು. ಬರ್ಬ್ಯಾಂಕಿನ ಲಾಕ್‌ಹೀಡ್ ಕಾರ್ಖಾನೆಯನ್ನು ಮಾಯ ಮಾಡುವ ಹೊಣೆ ಅವರ ಮೇಲೆ ಬಿತ್ತು. ಪಕ್ಕದಲ್ಲೇ ಹಾಲಿವುಡ್ ಇತ್ತು. ಅಲ್ಲಿನ ಸೆಟ್ ರಚನೆಕಾರರು, ಬಡಗಿಗಳು, ಬಣ್ಣಗಾರರು ಬಂದರು. ಛಾವಣಿಗಳ ಮೇಲೆ, ಅಂಗಳಗಳ ಮೇಲೆ ಬಲೆ ಹರಡಿ, ಅದರ ಮೇಲೆ ಮನೆಗಳ ಬಡಾವಣೆಯೊಂದನ್ನು ಕಟ್ಟಿದರು. ತಂತಿಯ ಹಂದರಕ್ಕೆ ಡಾಂಬರು ಬಳಿದು ಕೋಳಿ ಪುಕ್ಕಗಳನ್ನು ಅಂಟಿಸಿ ಹಸಿರು ಬಣ್ಣ ಸಿಂಪಡಿಸಿ ಮರಗಳನ್ನು ಮಾಡಿದರು. ಕಾರು ನಿಲ್ಲಿಸುವ ಜಾಗಗಳನ್ನು ಮೇವಿನ ಹೊಲಗಳಂತೆ ಕಾಣುವ ಹಾಗೆ ಮಾಡಿದರು. ಇಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆಯ ಸೆಟ್ ಆಗಿರುತ್ತಿತ್ತು. ಆದರೆ ಜನರಿಲ್ಲದ ಬಡಾವಣೆಯ ಮೇಲೆ ವೈರಿಯ ಛಾಯಾಗ್ರಾಹಕ ಎರಡು ದಿನ ಬಿಟ್ಟು ಮತ್ತೆ ಹಾರಿದರೆ ಎರಡೂ ಚಿತ್ರಗಳು ತದ್ರೂಪವಾಗಿರುತ್ತವೆ. ಯಾವ ಊರಿನಲ್ಲೂ ಹಾಗಾಗದು. ಅದಕ್ಕಾಗಿ ಕೆಲಸಗಾರರು ಛಾವಣಿಯ ಮೇಲೆ ಬಂದು ಓಡಾಡುತ್ತಿದ್ದರು, ಬಟ್ಟೆ ಒಣಹಾಕಿ ತೆಗೆಯುತ್ತಿದ್ದರು, ಹುಸಿ ಕಾರುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುತ್ತಿದ್ದರು.

ಸಿಯಾಟಲ್‌ನ ಬೋಯಿಂಗ್ ಎರಡನೆಯ ಘಟಕ ಇದಕ್ಕೂ ಒಂದು ಹೆಜ್ಜೆ ಮುಂದೆ. ಬಿ-17 ಬಾಂಬರ್‌ಗಳು ತಯಾರಾಗುತ್ತಿದ್ದ ಆ ಕಾರ್ಖಾನೆಯ 26 ಎಕರೆ ಛಾವಣಿಯನ್ನು ಹಾಲಿವುಡ್‌ನ ಕಲಾನಿರ್ದೇಶಕ ಜಾನ್ ಡೆಟ್ಲಿ ಅವರ ನೇತೃತ್ವದಲ್ಲಿ ಒಂದು ಊರನ್ನಾಗಿ ಮಾಡಲಾಯಿತು. ಸುಮಾರು 50 ಮನೆಗಳು, ಗ್ಯಾರೇಜುಗಳು, ಅಂಗಡಿ, ಬೀದಿಗಳು, ಬೀದಿಗಳಿಗೆ ಹೆಸರಿನ ಫಲಕಗಳು. ಮನೆಗಳ ಎತ್ತರ ಮಾತ್ರ ಆಳೆತ್ತರಕ್ಕಿಂತ ಹೆಚ್ಚಿಲ್ಲ. ಹೆಂಗಸರಿಬ್ಬರು ಆ ಬೀದಿಯಲ್ಲಿ ನಡೆಯುತ್ತಿರುವ ಚಿತ್ರವನ್ನು ಪರದೆಯ ಮೇಲೆ ತೋರಿಸಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು, ಏಕೆಂದರೆ ಸೂರುಗಳು ಅವರ ಭುಜದ ಮಟ್ಟಕ್ಕೆ ಬಂದಿದ್ದವು. ಅಷ್ಟು ಕುಳ್ಳ ಮನೆ ಸಾಕಾಗಿದ್ದು ಏಕೆ, ಮತ್ತು ಅಷ್ಟಾದರೂ ಎತ್ತರ ಬೇಕಾಗಿದ್ದು ಏಕೆ? ಮೊದಲ ಪ್ರಶ್ನೆಗೆ ಉತ್ತರವನ್ನು ಕಂಪನಿ ನಾಟಕ ನೋಡಿದ ಹಿರಿಯರು ಬಲ್ಲರು. ಅರಮನೆಯ ಪರದೆಯನ್ನು ಹತ್ತಿರ ಹೋಗಿ ನೋಡಿದರೆ ಅಡ್ಡಾದಿಡ್ಡಿ ಬಣ್ಣದ ಗೀಟುಗಳು; ಅದನ್ನು ಬರೆದದ್ದು ಪ್ರೇಕ್ಷಕ ಕೂರುವ ಜಾಗದಿಂದ ನೋಡಲಿಕ್ಕೆ. ಮೂರು ನಾಲ್ಕು ಕಿಲೋಮೀಟರ್ ಮೇಲೆ ಕೂತ ಪ್ರೇಕ್ಷಕನಿಗೆ ಮನೆಯ ಎತ್ತರ ಅಳೆಯಲು ಬರುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಸ್ವಾರಸ್ಯದ್ದು, ಅದಕ್ಕೆ ಕ್ಯಾಮೆರಾದ ಕಡೆಗೆ ತಿರುಗಬೇಕು.

ಬಾಂಬರ್‌ನ ಸಿಬ್ಬಂದಿ ಬರಿಗಣ್ಣಿನಿಂದ ನೋಡುತ್ತಾರೆ, ಅವರ ಸಮಯವೂ ಕಡಿಮೆ. ಗಂಟೆಗೆ 300 ಕಿಲೋಮೀಟರ್ ವೇಗದ ವಿಮಾನ ನಿಮಿಷಕ್ಕೆ ಐದು ಕಿಲೋಮೀಟರ್ ದಾಟುತ್ತದೆ. ಗುರಿಯನ್ನು ದೂರದಿಂದಲೇ ಗುರುತಿಸಿ ವಿಮಾನವನ್ನು ನೇರ ಮಾಡಿಕೊಳ್ಳದಿದ್ದರೆ ಬಾಂಬು ಬೇರೆಲ್ಲೋ ಬೀಳುತ್ತದೆ. ಹಾಗಾಗಿ ಬಾಂಬು ಹಾಕುವವನಿಂದ ಒಂದೆರಡು ನಿಮಿಷ ಕದ್ದರೆ ಸಾಕು. ಆದರೆ ಅವನಿಗಿಂತ ಮೊದಲು ಬಂದು ಹೋಗುವ ಛಾಯಾಚಿತ್ರ ವಿಮಾನದ ಹಿಂದೆ, ದೂರದ ಯಾವುದೋ ಮನೆಯಲ್ಲಿ, ಮೇಜಿನ ಮುಂದೆ ಆತುರವಿಲ್ಲದೆ ಕೂತ ಓದುಗನೊಬ್ಬನಿರುತ್ತಾನೆ. ಬ್ರಿಟನ್ನಿನಲ್ಲಿ ಈ ಓದುಗರ ಕೇಂದ್ರ ಮೆಡ್ಮೆನ್‌ಹ್ಯಾಮ್‌ನಲ್ಲಿತ್ತು. ಅಲ್ಲಿನ ಕಾನ್ಸ್‌ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಮಹಿಳೆ 1943ರ ಕೊನೆಯ ಹೊತ್ತಿಗೆ ಜರ್ಮನಿಯ ಶಸ್ತ್ರ ಪರೀಕ್ಷಾ ನೆಲೆಯಾದ ಪೀನೆಮುಂಡೆಯ ಚಿತ್ರಗಳಲ್ಲಿ ಒಂದು ಇಳಿಜಾರು ಹಳಿಯ ಮೇಲೆ ನಿಂತಿದ್ದ ಪುಟ್ಟ ಶಿಲುಬೆಯಾಕಾರವನ್ನು ಗುರುತಿಸಿದರು; ಅದು ಜರ್ಮನಿಯ ವಿ-1 ಹಾರುವ ಬಾಂಬು. ಅವರ ಕೈಯಲ್ಲಿದ್ದ ಉಪಕರಣ ಭೂಗೋಳ ಓದಿದವರಿಗೆಲ್ಲ ಪರಿಚಿತವಾದ ಸ್ಟೀರಿಯೋಸ್ಕೋಪ್. ವಿಮಾನ ಮುಂದೆ ಸಾಗುತ್ತ ತೆಗೆದ, ಶೇಕಡಾ 60ರಷ್ಟು ಒಂದರ ಮೇಲೊಂದು ಬರುವ ಎರಡು ಚಿತ್ರಗಳನ್ನು ಅದರ ಮಸೂರಗಳಡಿ ಜೋಡಿಸಿ, ಕಣ್ಣನ್ನು ಸಡಿಲ ಬಿಟ್ಟು ನೋಡಿದರೆ, ಚಪ್ಪಟೆ ಕಾಗದದಿಂದ ಮನೆ, ಮರ, ಗುಡ್ಡಗಳು ಎದ್ದು ನಿಲ್ಲುತ್ತವೆ. ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಇದನ್ನು ನೋಡಿ ಕೈಚಾಚಿ ಕಾಗದವನ್ನು ಮುಟ್ಟಿದ್ದು ನೆನಪಿದೆ. ಬರೀ ಬಣ್ಣದಲ್ಲಿ ಬರೆದ ಮನೆ ಈ ಉಪಕರಣದಡಿ ಏಳುವುದಿಲ್ಲ. ರಂಗೋಲಿಯ ಹಾಗೆ ನೆಲಕ್ಕೇ ಅಂಟಿಕೊಂಡಿರುತ್ತದೆ. ಸಿಯಾಟಲ್‌ನ ಮನೆಗಳಿಗೆ ಆ ಕುಳ್ಳ ಗೋಡೆಗಳಾದರೂ ಬೇಕಾಗಿದ್ದು ಇದೇ ಕಾರಣಕ್ಕೆ.

ಒಂದು ಮಾತನ್ನು ಮುಚ್ಚಿಡಬಾರದು. ಅಮೆರಿಕದ ಈ ಅದ್ಭುತಗಳ ಮೇಲೆ ಜಪಾನಿನ ಒಂದು ಬಾಂಬರ್ ಕೂಡ ಹಾರಲಿಲ್ಲ. ಹಾಗಾಗಿ ಅವು ನಿಜವಾದ ಪರೀಕ್ಷೆಗೆ ಒಳಗಾಗಲೇ ಇಲ್ಲ. ಸಿಯಾಟಲ್‌ನ ಊರನ್ನು 1946ರಲ್ಲಿ ಕಿತ್ತುಹಾಕಿದರು. ಪರೀಕ್ಷೆಗೆ ಒಳಗಾದ ಜರ್ಮನಿಯ ಪ್ರಯತ್ನಗಳಲ್ಲಿ ದೊಡ್ಡದು ಹ್ಯಾಂಬರ್ಗ್ ನಗರದ್ದು. ನಗರದ ನಡುವಿನ ಆಲ್‌ಸ್ಟರ್ ಕೆರೆ ರಾತ್ರಿಯ ಬೆಳದಿಂಗಳಲ್ಲಿಯೂ ಮಿನುಗಿ ಬಾಂಬರ್‌ಗಳಿಗೆ ದಾರಿ ತೋರಿಸುತ್ತಿತ್ತು. 1941ರಲ್ಲಿ ಒಳಗಿನ ಕೆರೆಯನ್ನು ತೆಪ್ಪ, ಬಲೆಗಳಿಂದ ಮುಚ್ಚಿ ಅದರ ಮೇಲೆ ಬೀದಿ, ಕಟ್ಟಡಗಳನ್ನು ಮೂಡಿಸಿ, ನಿಜವಾದ ಲೊಂಬಾರ್ಡ್ ಸೇತುವೆಯಿಂದ ದೂರದಲ್ಲಿ ಹುಸಿ ಸೇತುವೆಯೊಂದನ್ನು ಹಾಕಿದರು. ಕೆಲಸ ಸೊಗಸಾಗಿತ್ತು. ಆದರೆ ಬ್ರಿಟಿಷರ ಬಳಿ ಹಳೆಯ ಚಿತ್ರಗಳಿದ್ದವು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟಾಗ ಗುಟ್ಟು ರಟ್ಟಾಯಿತು. ಎಲ್ಲರಿಗೂ ಮೊದಲೇ ಗೊತ್ತಿರುವ ನಗರವನ್ನು ಮರೆಮಾಚುವುದು, ಊರಿನವರೆಲ್ಲ ನೋಡಿರುವ ಮುಖಕ್ಕೆ ಮುಖವಾಡ ತೊಡಿಸಿದಂತೆ. 1943ರ ಜುಲೈಯಲ್ಲಿ ಹ್ಯಾಂಬರ್ಗ್ ಬೆಂಕಿಗೆ ಆಹುತಿಯಾದಾಗ ಆ ಬಲೆಗಳು ಯಾರನ್ನೂ ಉಳಿಸಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಯುದ್ಧದಲ್ಲಿ ಮರೆಮಾಚುವಿಕೆಗಿಂತ ಹೆಚ್ಚು ಜೀವ ಉಳಿಸಿದ್ದು ಅದರ ಒಡಹುಟ್ಟಾದ ಹುಸಿ ಗುರಿ. ನಮ್ಮ ರೈತರು ಹೊಲವನ್ನು ಮುಚ್ಚುವುದಿಲ್ಲ, ಬೆರ್ಚಪ್ಪನನ್ನು ನಿಲ್ಲಿಸುತ್ತಾರೆ. ಹೊಸ ಮನೆಗೆ ದೃಷ್ಟಿಬೊಂಬೆ ಕಟ್ಟಿ ಬೀಳುವ ಕಣ್ಣನ್ನು ಅದರ ಕಡೆಗೆ ಎಳೆಯುತ್ತಾರೆ. ಇದೇ ಉಪಾಯವನ್ನು ಬ್ರಿಟನ್ನಿನಲ್ಲಿ ಕರ್ನಲ್ ಜಾನ್ ಟರ್ನರ್ ಒಂದು ಶಾಸ್ತ್ರವನ್ನಾಗಿ ಬೆಳೆಸಿದರು. ಹಗಲಿನ ಹುಸಿ ವಿಮಾನ ನಿಲ್ದಾಣಗಳಿಗೆ ಕೆ ಎಂದೂ ರಾತ್ರಿಯವಕ್ಕೆ ಕ್ಯೂ ಎಂದೂ ಹೆಸರು. ಕೆ ನಿಲ್ದಾಣಗಳಲ್ಲಿ ಮರ, ಬಟ್ಟೆಗಳಿಂದ ಮಾಡಿದ ವಿಮಾನಗಳಿರುತ್ತಿದ್ದವು. ಅವನ್ನು ಮಾಡಿಕೊಟ್ಟವರಲ್ಲಿ ಶೆಪರ್ಟನ್ನಿನ ಸಿನಿಮಾ ಸ್ಟುಡಿಯೋದವರು ಮುಖ್ಯರು. ಕ್ಯೂ ನಿಲ್ದಾಣದ ಸರಳತೆ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ನಿಜವಾದ ನಿಲ್ದಾಣದಿಂದ ಕೆಲವು ಮೈಲಿ ದೂರದ ಖಾಲಿ ಬಯಲಿನಲ್ಲಿ ರನ್‌ವೇಯ ದೀಪಗಳ ಸಾಲು, ಒಂದು ಜನರೇಟರು, ನೆಲದೊಳಗೆ ಹುಗಿದ ಗೂಡಿನಲ್ಲಿ ಟೆಲಿಫೋನಿನ ಜೊತೆ ಒಬ್ಬಿಬ್ಬರು ಸಿಬ್ಬಂದಿ. ಕೈಯಿಂದ ತಿರುಗಿಸುವ ಒಂದು ದೊಡ್ಡ ದೀಪ ರನ್‌ವೇಯ ಮೇಲೆ ವಿಮಾನ ಓಡಾಡುತ್ತಿದೆ ಎಂಬ ಭಾವನೆ ಹುಟ್ಟಿಸುತ್ತಿತ್ತು. ವೈರಿ ವಿಮಾನದ ಸದ್ದು ಕೇಳಿದೊಡನೆ ದೀಪಗಳನ್ನು ಹೊತ್ತಿಸುತ್ತಿರಲಿಲ್ಲ. ಉರಿಯುತ್ತಿದ್ದ ದೀಪಗಳನ್ನು, ವೈರಿಗೆ ಚೆನ್ನಾಗಿ ಕಂಡ ಮೇಲೆ, ಗಾಬರಿಯಿಂದ ಎಂಬಂತೆ ಆರಿಸುತ್ತಿದ್ದರು. ಮುಚ್ಚಿಟ್ಟದ್ದನ್ನು ತಾನೇ ಪತ್ತೆ ಹಚ್ಚಿದೆನೆಂಬ ನಂಬಿಕೆ ವೈರಿಯಲ್ಲಿ ಹುಟ್ಟಬೇಕು ಎಂಬುದು ಇದರ ಹಿಂದಿನ ಮನಶ್ಶಾಸ್ತ್ರ. ಆ ಗೂಡಿನಲ್ಲಿ ಕೂತವರ ಕೆಲಸ ತಮ್ಮ ತಲೆಯ ಮೇಲೆ ಬಾಂಬು ಬೀಳುವಂತೆ ನೋಡಿಕೊಳ್ಳುವುದು. ಈ ಯುವಕರ ಧೈರ್ಯಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂದು ನಾನು ಭಾವಿಸುತ್ತೇನೆ.

1940ರ ನವೆಂಬರ್ 14ರ ಹುಣ್ಣಿಮೆಯ ಆಸುಪಾಸಿನ ರಾತ್ರಿ ಕವೆಂಟ್ರಿ ನಗರ ಸುಟ್ಟುಹೋಯಿತು. ಆ ದಾಳಿಗೆ ಜರ್ಮನರು ಇಟ್ಟಿದ್ದ ಗುಪ್ತನಾಮ ‘ಬೆಳದಿಂಗಳ ಸೊನಾಟಾ’. ಮೊದಲು ಬಂದ ವಿಮಾನಗಳು ಹೊತ್ತಿಸಿದ ಬೆಂಕಿಯನ್ನೇ ಗುರುತಾಗಿಟ್ಟುಕೊಂಡು ಹಿಂದಿನವು ಬಾಂಬು ಸುರಿದಿದ್ದವು. ಹಾಗಾದರೆ ಬೆಂಕಿಯನ್ನೇ ಬೇರೆಡೆ ಹೊತ್ತಿಸೋಣ ಎಂದು ಟರ್ನರ್ ತಂಡ ಯೋಚಿಸಿತು. ‘ಸ್ಟಾರ್‌ಫಿಶ್’ ಎಂಬ ಹೆಸರಿನ ಈ ನೆಲೆಗಳಲ್ಲಿ ಕಟ್ಟಿಗೆಯ ಬುಟ್ಟಿಗಳು, ಕಲ್ಲಿದ್ದಲ ರಾಶಿಗಳು, ಎಣ್ಣೆಯ ತೊಟ್ಟಿಗಳು ಇರುತ್ತಿದ್ದವು. ಕಾದು ಕೆಂಪಾದ ತಟ್ಟೆಗೆ ಮೊದಲು ಎಣ್ಣೆ, ಬಳಿಕ ಒಮ್ಮೆಲೇ ನೀರು ಬಿಟ್ಟರೆ ಭುಗಿಲೆಂದು ಜ್ವಾಲೆ ಹಲವಾರು ಅಡಿ ಮೇಲೆದ್ದು, ಕಟ್ಟಡವೊಂದು ಕುಸಿದು ಉರಿದಂತೆ ಕಾಣುತ್ತಿತ್ತು. ಮೊದಲ ಬಳಕೆ 1940ರ ಡಿಸೆಂಬರ್ ಆರಂಭದಲ್ಲಿ, ಬ್ರಿಸ್ಟಲ್ ನಗರದ ಬಳಿಯ ಮೆಂಡಿಪ್ ಗುಡ್ಡಗಳಲ್ಲಿ. 1941ರ ಏಪ್ರಿಲಿನ ಒಂದು ರಾತ್ರಿ ಪೋರ್ಟ್ಸ್‌ಮತ್‌ಗೆಂದು ಬಂದ ಬಾಂಬುಗಳಲ್ಲಿ ಬಹುಪಾಲು ಹೇಲಿಂಗ್ ದ್ವೀಪದ ಸ್ಟಾರ್‌ಫಿಶ್ ಮೇಲೆ ಬಿದ್ದವು. 1943ರ ಹೊತ್ತಿಗೆ ಇಂಥ ನೆಲೆಗಳು 200ಕ್ಕೂ ಹೆಚ್ಚಿದ್ದವು. ಜರ್ಮನರೂ ಸುಮ್ಮನಿರಲಿಲ್ಲ: ಎಸ್ಸೆನ್ನಿನ ಕ್ರುಪ್ ಉಕ್ಕಿನ ಕಾರ್ಖಾನೆಗೆ ವೆಲ್ಬರ್ಟ್ ಬಳಿಯ ಗುಡ್ಡದಲ್ಲಿ ಒಂದು ಹುಸಿ ಪ್ರತಿರೂಪ ಕಟ್ಟಿದ್ದರು, ಸ್ಟುಟ್‌ಗಾರ್ಟ್ ನಗರದ ರೈಲು ನಿಲ್ದಾಣದ ಪ್ರತಿರೂಪವನ್ನು ಲಾಫನ್ ಬಳಿ ನಿಲ್ಲಿಸಿದ್ದರು. ಇವೆರಡೂ ಕೆಲವು ಕಾಲ ಬ್ರಿಟಿಷ್ ಬಾಂಬರ್‌ಗಳನ್ನು ನಿಜವಾಗಿಯೂ ಸೆಳೆದವು. ಇದಕ್ಕೂ ಮೊದಲು, 1918ರಲ್ಲಿ, ಫ್ರಾನ್ಸಿನಲ್ಲಿ ಜಾಕೊಪೋಜಿ ಎಂಬ ವಿದ್ಯುದ್ದೀಪ ತಜ್ಞ ಪ್ಯಾರಿಸ್ಸಿನ ಹೊರಗೆ ದೀಪಗಳಿಂದಲೇ ಇನ್ನೊಂದು ಪ್ಯಾರಿಸ್ ಕಟ್ಟತೊಡಗಿದ್ದರು. ಓಡುವ ರೈಲಿನ ಕಿಟಕಿಗಳಂತೆ ದೀಪಗಳು ಸಾಲಾಗಿ ಹೊತ್ತಿ ಆರುವ ವ್ಯವಸ್ಥೆಯೂ ಅದರಲ್ಲಿತ್ತು. ಅದು ಪೂರ್ತಿಯಾಗುವ ಮೊದಲೇ ಯುದ್ಧ ಮುಗಿಯಿತು.

ಈ ಎಲ್ಲ ಉಪಾಯಗಳನ್ನು ಕೆಡವಿದ್ದು ಹೊಸ ಬಗೆಯ ಕಣ್ಣುಗಳು. 1943ರ ಜನವರಿಯಿಂದ ಬ್ರಿಟಿಷ್ ಬಾಂಬರ್‌ಗಳಲ್ಲಿ ನೆಲವನ್ನು ತೋರಿಸುವ ರೇಡಾರ್ ಬಂದಿತು. ಅದಕ್ಕೆ ಬಣ್ಣವೂ ತಿಳಿಯದು, ಕತ್ತಲೆಯೂ ತಿಳಿಯದು, ನೀರು ಮತ್ತು ನೆಲದ ವ್ಯತ್ಯಾಸ ಮಾತ್ರ ಸ್ಪಷ್ಟವಾಗಿ ತಿಳಿಯುತ್ತದೆ. ಇನ್ನೊಂದು ಕಣ್ಣು ಅತಿಗೆಂಪು ಫಿಲ್ಮು. ಜೀವಂತ ಎಲೆ ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಬಹಳವಾಗಿ ಹಿಂದಕ್ಕೆ ಎಸೆಯುತ್ತದೆ, ಸಾಧಾರಣ ಹಸಿರು ಬಣ್ಣ ಎಸೆಯುವುದಿಲ್ಲ. ಕಣ್ಣಿಗೆ ಒಂದೇ ಹಸಿರಾಗಿ ಕಾಣುವ ಕಾಡು ಮತ್ತು ಬಣ್ಣ ಬಳಿದ ಬಲೆ ಆ ಫಿಲ್ಮಿನಲ್ಲಿ ಬೇರೆ ಬೇರೆ: ಕಾಡು ಕಡುಗೆಂಪು, ಬಲೆ ನೀಲಿಯ ಛಾಯೆ. ಮರೆಗೆಂದು ಕಡಿದು ತಂದ ಕೊಂಬೆಗಳು ಕೂಡ ಬಾಡುತ್ತ ಹೋದಂತೆ ಆ ಕೆಂಪನ್ನು ಕಳೆದುಕೊಂಡು ಸಿಕ್ಕಿಬೀಳುತ್ತವೆ. ಮರೆಯನ್ನು ಭೇದಿಸಲೆಂದೇ ಮಾಡಿದ ಈ ಉಪಾಯ ಇಂದು ನಮ್ಮ ದೂರಸಂವೇದಿ ಉಪಗ್ರಹಗಳ ಚಿತ್ರಗಳಲ್ಲಿ ಬೆಳೆ, ಕಾಡುಗಳನ್ನು ಕೆಂಪಾಗಿ ತೋರಿಸುತ್ತ ಒಣಗಿದ ತೋಟವನ್ನು ಹಸನಾದ ತೋಟದಿಂದ ಬೇರ್ಪಡಿಸುತ್ತದೆ. 1982ರಿಂದ ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇರುವುದರಿಂದ, ಇಲ್ಲಿನ ವಿದ್ಯಾರ್ಥಿಗಳಿಗೆ ಆಕಾಶದ ಕಣ್ಣು ದೂರದ ವಿಷಯವಲ್ಲ.

ನಮ್ಮ ದೇಶದ ಅನುಭವಕ್ಕೆ ಬರುತ್ತೇನೆ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರ ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಜಪಾನಿನ ಬಾಂಬುಗಳು ಬಿದ್ದಾಗ ಕರಾವಳಿಯ ಊರುಗಳೆಲ್ಲ ನಡುಗಿದವು. ಕಡಲಿನಿಂದ ಮುನ್ನೂರು ಕಿಲೋಮೀಟರಿನಷ್ಟು ಒಳಗಿದ್ದ ಬೆಂಗಳೂರಿಗೆ ದೂರವೇ ಮರೆಯಾಗಿತ್ತು. ಮರುವರ್ಷ ಅಮೆರಿಕದ ವಾಯುಪಡೆ ಆ ಕಾರ್ಖಾನೆಯನ್ನು ತನ್ನ ವಿಮಾನಗಳ ದುರಸ್ತಿ ನೆಲೆಯಾಗಿ ವಹಿಸಿಕೊಂಡಿತು. ಸೋವಿಯತ್ ಒಕ್ಕೂಟ 1941ರಲ್ಲಿ ಮಾಡಿದ್ದೂ ಇದನ್ನೇ: 1500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ ರೈಲಿಗೆ ಹೇರಿ ಪೂರ್ವಕ್ಕೆ ಸಾಗಿಸಿತು.

ಸ್ವಾತಂತ್ರ್ಯದ ನಂತರ, 1965ರ ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳು ಸುಟ್ಟವು. ಆ ನಷ್ಟದ ಪಾಠ 1971ಕ್ಕೆ ಒದಗಿತು. ಆ ವರ್ಷ ತಾಜ್ ಮಹಲಿನ ಬಿಳುಪು ರಾತ್ರಿಯಲ್ಲಿ ವೈರಿಗೆ ದಾರಿ ತೋರಿಸದಿರಲೆಂದು ಅದಕ್ಕೂ ಬಟ್ಟೆ ಹೊದಿಸಿದರು. ಆದರೆ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಗುಜರಾತಿನ ಭುಜ್. ಡಿಸೆಂಬರ್ 8ರ ರಾತ್ರಿಯ ಬಾಂಬು ದಾಳಿಯಲ್ಲಿ ಅಲ್ಲಿನ ವಾಯುನೆಲೆಯ ರನ್‌ವೇ ಹಾಳಾದಾಗ, ನೆಲೆಯ ಹೊಣೆ ಹೊತ್ತಿದ್ದ ಸ್ಕ್ವಾಡ್ರನ್ ಲೀಡರ್ ವಿಜಯ್ ಕಾರ್ಣಿಕ್ ಅವರ ಕರೆಗೆ ಓಗೊಟ್ಟು ಪಕ್ಕದ ಮಾಧಾಪರ ಗ್ರಾಮದ ಸುಮಾರು 300 ಹೆಂಗಸರು ಬಂದರು. ಮಂಕು ಹಸಿರು ಸೀರೆ ಉಟ್ಟು ಬರಬೇಕೆಂದು ಅವರಿಗೆ ಹೇಳಲಾಗಿತ್ತು. ಸೈರನ್ ಕೂಗಿದಾಗ ಅವರು ಓಡಿ ಜಾಲಿ ಪೊದೆಗಳಲ್ಲಿ ಅಡಗುತ್ತಿದ್ದರು, ವಿಮಾನ ಹೋದ ಮೇಲೆ ಮತ್ತೆ ಬಾಂಡಲಿ ಹಿಡಿಯುತ್ತಿದ್ದರು. ಮೇಲಿನಿಂದ ನೋಡಿದವನಿಗೆ ರನ್‌ವೇ ಕಾಣದಿರಲೆಂದು ಅದಕ್ಕೆ ಸೆಗಣಿ ಸಾರಿಸಿದರು. 72 ಗಂಟೆಗಳಲ್ಲಿ ರನ್‌ವೇ ಮತ್ತೆ ಹಾರಾಟಕ್ಕೆ ಸಿದ್ಧವಾಯಿತು.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆಗಳ ವೇಳೆ ಹಿಂದಿನ ಸಾಲಿನಲ್ಲಿ ಕೂತಿದ್ದ, ಅರಸೀಕೆರೆ ಕಡೆಯ ಹಳ್ಳಿಯಿಂದ ಮೊಮ್ಮಗಳ ಜೊತೆ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತು, ಸೆಗಣಿ ಸಾರಿಸಿದ್ದು ಸರಿಯಾದ ಕೆಲಸವೇ ಎಂದರು. ರಾಗಿ ಕಣ ಮಾಡುವಾಗ ಅವರು ಸೆಗಣಿಯನ್ನು ತೆಳ್ಳಗೆ ಕಲಸಿ ಪೊರಕೆಯಿಂದ ಎಳೆಯುತ್ತಾರಂತೆ. ಹಾಕಿದಾಗ ಹಸಿರಾಗಿ ಮಿರುಗುವ ಅದು, ಸಂಜೆಯ ಹೊತ್ತಿಗೆ ಒಣಗಿ ಪೊರಕೆಯ ಗೀರುಗಳೆಲ್ಲ ಎದ್ದು, ಮಾರನೆಯ ದಿನ ಹೊಲದ ಮಣ್ಣಿಗೂ ಕಣಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲವಂತೆ. ಮಧ್ಯಾಹ್ನದ ಬಿಸಿಲಿನಲ್ಲೂ ಅದು ಕಣ್ಣಿಗೆ ಹೊಡೆಯುವುದಿಲ್ಲ, ಸಿಮೆಂಟು ಕಣದ ಹಾಗಲ್ಲ ಎಂದು ಹೇಳಿ ಅವರು ಕೂತರು. ಒರಟು ಮೇಲ್ಮೈ ಮತ್ತು ನೆರಳಿನ ಬಗ್ಗೆ ನಾನು ಚಿತ್ರಗಳ ನೆರವಿನಿಂದ ಬಹಳ ಹೊತ್ತು ವಿವರಿಸಿದ್ದನ್ನು ಅವರು ಪೊರಕೆಯ ಗೀರುಗಳಲ್ಲಿ ತೋರಿಸಿದ್ದರು. ಉಪನ್ಯಾಸವನ್ನು ಬರೆಯುವಾಗ ಕಣದ ಉದಾಹರಣೆಯನ್ನು ನಾನು ಮೊದಲಿಗೆ ತಂದದ್ದು ಅವರ ಮಾತು ಕೇಳಿದ ಮೇಲೆ.